ಪಾಸ್ಕಾಲಿಗೆ ನಿದ್ದೆರೋಗ ಬಂದ ವಾರ

ಇಪ್ಪತ್ತೆರಡು ವರ್ಷ ಸಿಂಹ, ಆನೆ, ಕಾಡೆಮ್ಮೆಗಳ ನಡುವೆ ಗಾಡಿ ಓಡಿಸಿ ಮೈಮೇಲೆ ಒಂದು ಗೀರೂ ಇಲ್ಲದೆ ಮನೆ ಸೇರುತ್ತಿದ್ದ ಪಾಸ್ಕಾಲಿ ಲೊಹಾಯ್‌ನ ಮಾನ ಹೋದದ್ದು ಒಂದು ಹುರಿದ ಕೋಳಿಕಾಲಿನಿಂದ. ಆ ಕೋಳಿ ಸತ್ತು, ಬೆಂದು, ಊಟದ ಡಬ್ಬಿ ಸೇರಿ ಅರ್ಧ ದಿನವಾಗಿತ್ತು. ಆದರೂ ಅದು ಮಾಡಿದ ಅನಾಹುತವನ್ನು ಜೀವಂತ ಇರುವ ಯಾವ ಪ್ರಾಣಿಯೂ ಅವನಿಗೆ ಮಾಡಿರಲಿಲ್ಲ.

ಪಾಸ್ಕಾಲಿ ಆಫ್ರಿಕಾದ ಕರಾಟು ಪಟ್ಟಣದ ಒಂದು ಸಫಾರಿ ಕಂಪನಿಯಲ್ಲಿ ಡ್ರೈವರು. ಗಾಡಿ ಓಡಿಸುವುದೂ ಅವನೇ, ಪ್ರಾಣಿ ತೋರಿಸುವುದೂ ಅವನೇ, ಪಂಕ್ಚರ್ ಹಾಕುವುದೂ ಅವನೇ, ಪ್ರವಾಸಿಗರ ಹೊಟ್ಟೆ ಕೆಟ್ಟರೆ ಮಾತ್ರೆ ಕೊಟ್ಟು ಪೊದೆಯ ಕಡೆ ಬೆನ್ನು ಮಾಡಿ ಕಾವಲು ನಿಲ್ಲುವುದೂ ಅವನೇ. ಅದು ಆಗಸ್ಟ್ ತಿಂಗಳು, ಕಂಪನಿಗೆ ಸುಗ್ಗಿ. ಒಂದು ತಂಡವನ್ನು ವಿಮಾನ ಹತ್ತಿಸಿ ಕೈ ಬೀಸುವಷ್ಟರಲ್ಲಿ ಇನ್ನೊಂದು ತಂಡ ಅದೇ ವಿಮಾನದಿಂದ ಇಳಿದು ಕೈ ಬೀಸುತ್ತಿತ್ತು. ಹೀಗೆ ಕೈ ಬೀಸುತ್ತಲೇ ಮೂವತ್ತನಾಲ್ಕು ದಿನ ಕಳೆದಿದ್ದವು. ನಡುವೆ ಒಂದು ಭಾನುವಾರ ಮನೆಗೆ ಹೋಗಿದ್ದನಾದರೂ ಅದನ್ನು ರಜೆ ಎನ್ನಲಾಗದು. ಬಟ್ಟೆ ಬದಲಿಸಿ, ನಿಂತೇ ಚಾಯ್ ಕುಡಿದು, ಹೆಂಡತಿ ಬಸಿಲಿಸಾ ಹೇಳುತ್ತಿದ್ದ ವಾಕ್ಯದ ಮೊದಲರ್ಧ ಕೇಳಿಸಿಕೊಂಡು ಹೊರಟುಬಂದಿದ್ದ. ಉಳಿದರ್ಧ ಇನ್ನೂ ಬಾಕಿಯಿತ್ತು.

ಕಾಡಿನ ಗೇಟು ದಾಟುವ ಮೊದಲು ಪ್ರವಾಸಿಗರಿಗೆ ಆರೋಗ್ಯ, ಸುರಕ್ಷತೆಯ ಬಗ್ಗೆ ನಾಲ್ಕು ಮಾತು ಹೇಳಬೇಕೆಂಬುದು ಕಂಪನಿಯ ನಿಯಮ. ಬೇರೆ ಡ್ರೈವರುಗಳು ಅದನ್ನು ನಿಜಕ್ಕೂ ನಾಲ್ಕು ಮಾತಿನಲ್ಲಿ ಮುಗಿಸುತ್ತಿದ್ದರು. ಪಾಸ್ಕಾಲಿಗೆ ಇಪ್ಪತ್ತೈದು ನಿಮಿಷ ಬೇಕು. ಇಡೀ ಕೆಲಸದಲ್ಲಿ ಅವನಿಗೆ ದಣಿವಾಗದ ಭಾಗವೆಂದರೆ ಅದೊಂದೇ. ಟೋಪಿಯನ್ನು ಕಂಕುಳಲ್ಲಿ ಇಟ್ಟುಕೊಂಡು, ಗಾಡಿಯ ಮೂತಿಗೆ ಒರಗಿ ಶುರುಮಾಡಿದನೆಂದರೆ ಪಾದ್ರಿಗಳು ಪಕ್ಕಕ್ಕೆ ನಿಲ್ಲಬೇಕು.

“ನೀರು ಸೀಸೆಯದ್ದೇ ಕುಡೀಬೇಕು. ಹಲ್ಲು ಉಜ್ಜೋಕೂ ಅದೇ. ಗಾಡಿಯಿಂದ ಇಳೀಬಾರದು. ಕೈ ಹೊರಗೆ ಹಾಕಬಾರದು, ಅದನ್ನ ವಾಪಸ್ ತಂದುಕೊಡೋ ಕೆಲಸ ನನ್ನದಲ್ಲ. ನೀಲಿ, ಕಪ್ಪು ಬಟ್ಟೆ ಹಾಕಬಾರದು. ಯಾಕೆ ಹೇಳಿ? ತ್ಸೆತ್ಸೆ ನೊಣಕ್ಕೆ ಆ ಬಣ್ಣ ಅಂದ್ರೆ ಪ್ರಾಣ. ಅದು ಕಚ್ಚಿದ್ರೆ ನಿದ್ದೆರೋಗ ಬರಬಹುದು. ಲಕ್ಷಣ ಹೇಳ್ತೀನಿ, ಬರ್ಕೊಳ್ಳಿ. ಹಗಲು ತೂಕಡಿಕೆ. ರಾತ್ರಿ ನಿದ್ದೆ ಇಲ್ಲ. ಮಾತಲ್ಲಿ ಗಲಿಬಿಲಿ. ಕಾರಣ ಇಲ್ದೆ ಸಿಡುಕು.”

ಯಾರಾದರೂ ಹೆದರಿ, “ನಿಮಗೆ ಕಚ್ಚಿಲ್ವಾ?” ಎಂದು ಕೇಳಿದರೆ ಪಾಸ್ಕಾಲಿ ಎದೆಯುಬ್ಬಿಸುತ್ತಿದ್ದ.

“ನನಗಾ? ಸಾವಿರ ಸಲ ಕಚ್ಚಿದೆ. ನನ್ನ ರಕ್ತ ಕುಡಿದ್ರೆ ನೊಣಕ್ಕೇ ಕಾಯಿಲೆ ಬರುತ್ತೆ.”

ಎಲ್ಲರೂ ನಗುತ್ತಿದ್ದರು. ಆ ವಾರದ ತಂಡದಲ್ಲಿ ಮಾತ್ರ ಒಬ್ಬರು ನಗದೆ ಅದನ್ನೂ ಬರೆದುಕೊಂಡರು. ಅವರು ಸ್ವೀಡನ್ನಿನ ಶ್ರೀಮತಿ ಹಾಲ್‌ಗ್ರೆನ್, ಎಪ್ಪತ್ತರ ಪ್ರಾಯದ ನಿವೃತ್ತ ಮುಖ್ಯೋಪಾಧ್ಯಾಯಿನಿ. ಆಫ್ರಿಕಾದಲ್ಲಿ ಯಾವ ಯಾವ ವಿಧದಲ್ಲಿ ಸಾಯಬಹುದು ಎಂದು ವಿವರಿಸುವ ದಪ್ಪ ಪುಸ್ತಕವೊಂದನ್ನು ಎದೆಗವಚಿಕೊಂಡೇ ಬಂದಿದ್ದರು. ನೊಣಕ್ಕೆ ಹೆದರಿ ತಲೆಯಿಂದ ಕಾಲವರೆಗೆ ಬಿಳಿ ಉಡುಪು ತೊಟ್ಟು ಬೆಳಿಗ್ಗೆ ಕೊಕ್ಕರೆಯ ಹಾಗೆ ಗಾಡಿ ಹತ್ತಿದವರು, ಮಧ್ಯಾಹ್ನದ ಹೊತ್ತಿಗೆ ಧೂಳು ಕುಡಿದು ಹೆಂಚಿನ ಬಣ್ಣಕ್ಕೆ ತಿರುಗಿರುತ್ತಿದ್ದರು.

ಸೋಮವಾರ ತರಂಗಿರೆ ಕಾಡಿನಲ್ಲಿ, ನದಿ ಕಾಣುವ ದಿಬ್ಬದ ಮೇಲೆ ಊಟಕ್ಕೆ ಕೂತರು. ಪಾಸ್ಕಾಲಿ ಒಂದು ಕಲ್ಲಿನ ಮೇಲೆ ಕೂತು ಕೋಳಿಕಾಲನ್ನು ಕೈಗೆತ್ತಿಕೊಂಡು ಒಂದು ಸಲ ಕಚ್ಚಿದ. ಎರಡನೆಯ ಸಲ ಕಚ್ಚಲು ಬಾಯಿ ತೆರೆದ. ಬಾಯಿ ತೆರೆದೇ ಇತ್ತು, ಕೈ ಎತ್ತಿದ್ದು ಎತ್ತಿಯೇ ಇತ್ತು, ಮನುಷ್ಯ ಮಾತ್ರ ಇರಲಿಲ್ಲ. ಮರದಿಂದ ಒಂದು ಕೋತಿ ನಿಧಾನವಾಗಿ ಇಳಿದು ಬಂದು, ಅವನ ಮುಖವನ್ನು ಒಮ್ಮೆ ನೋಡಿ, ಬೆರಳುಗಳ ನಡುವಿನಿಂದ ಕೋಳಿಕಾಲನ್ನು ಮರ್ಯಾದೆಯಿಂದ ಬಿಡಿಸಿಕೊಂಡು ಹೋಯಿತು. ಕೈ ಹಾಗೇ ಇತ್ತು.

ತಂಡದ ಉಳಿದ ಮೂವರು ಪ್ರವಾಸಿಗರು ನಕ್ಕು ಫೋಟೊ ತೆಗೆದರು. ಶ್ರೀಮತಿ ಹಾಲ್‌ಗ್ರೆನ್ ಲಕ್ಷಣ ಬರೆದುಕೊಂಡಿದ್ದ ನೋಟ್‌ಬುಕ್ ತೆಗೆದರು. ಹಗಲು ತೂಕಡಿಕೆ ಎಂಬುದರ ಮುಂದೆ ಒಂದು ಗುರುತು ಹಾಕಿ, ಹೋಗಿ ಅವನ ಭುಜ ಅಲುಗಾಡಿಸಿದರು.

“ಯಾರೂ ಇಳೀಬೇಡಿ! ಬಾಗಿಲು ಹಾಕಿ!” ಎಂದು ಪಾಸ್ಕಾಲಿ ಕಲ್ಲಿನ ಮೇಲೆ ಎದ್ದು ನಿಂತ. ಬಾಗಿಲು ಇಪ್ಪತ್ತು ಮಾರು ದೂರದಲ್ಲಿತ್ತು. ಗಲಿಬಿಲಿ: ಗುರುತು.

“ಪಾಸ್ಕಾಲಿ, ನಿಮಗೆ ಹುಷಾರಿಲ್ವಾ?”

“ಹುಷಾರಾಗೇ ಇದೀನಿ. ನನ್ನ ಕೋಳಿ ಎಲ್ಲಿ? ಊಟ ಮಾಡೋನ ಕೈಯಿಂದ ಯಾರ್ರೀ ಕಿತ್ಕೊಂಡಿದ್ದು?” ಸಿಡುಕು: ಗುರುತು.

“ರಾತ್ರಿ ನಿದ್ದೆ ಬರುತ್ತಾ?”

“ನಾಲ್ಕೂವರೆಗೆ ನಿಮಗೆ ಸಿಂಹ ತೋರಿಸೋಕೆ ಏಳಬೇಕಲ್ಲ ತಾಯಿ, ಇನ್ನೆಲ್ಲಿ ಬರುತ್ತೆ?”

ಅದಕ್ಕೂ ಗುರುತು. ನೊಣ ಕಚ್ಚಿದೆಯೇ ಎಂದು ಕೇಳುವ ಅಗತ್ಯ ಅವರಿಗೆ ಬೀಳಲಿಲ್ಲ. ಸಾವಿರ ಸಲ ಎಂದು ಆಗಲೇ ಬರೆದುಕೊಂಡಾಗಿತ್ತು.

ಮಂಗಳವಾರ ಬೆಳಿಗ್ಗೆ ಕಂಪನಿಯ ಮ್ಯಾನೇಜರ್ ಮಸ್ಸಾವೆ ಪಾಸ್ಕಾಲಿಯನ್ನು ಆಫೀಸಿಗೆ ಕರೆಸಿದ.

“ಬಾ ಪಾಸ್ಕಾಲಿ, ಕೂತ್ಕೊ. ಬೇಡ ಬೇಡ, ಅಷ್ಟು ಹತ್ರ ಬೇಡ. ಬಾಗಿಲ ಹತ್ರಾನೇ ಕೂತ್ಕೊ. ಆ ಅಮ್ಮ ಐದು ಪುಟದ ಮೇಲ್ ಬರೆದಿದಾರೆ. ಕೆಳಗಡೆ ಅಡಿಟಿಪ್ಪಣಿ ಬೇರೆ. ನಿನಗೆ ನಿದ್ದೆರೋಗ ಅಂತೆ.”

“ಬರೀ ನಿದ್ದೆ ಸಾರ್. ರೋಗ ಇಲ್ಲ.”

“ಅರ್ಧ ಒಪ್ಕೊಂಡ ಹಾಗಾಯ್ತಲ್ಲಯ್ಯಾ!” ಎಂದ ಮಸ್ಸಾವೆ, ಕುರ್ಚಿಯನ್ನು ಇನ್ನಷ್ಟು ಹಿಂದಕ್ಕೆ ಸರಿಸುತ್ತ. “ನೋಡು, ಈ ತಿಂಗಳು ರಜೆ ಅನ್ನೋದಿಲ್ಲ, ನಿನಗೆ ಗೊತ್ತು. ಮದುವೆಗೂ ಇಲ್ಲ, ಸಾವಿಗೂ ಇಲ್ಲ. ಆದ್ರೆ ಅಂಟುರೋಗ ಇದ್ರೆ ಮಾತ್ರ ಮನೆಗೆ ಹೋಗ್ಲೇಬೇಕು. ನಿಜ ಹೇಳು, ಇದ್ಯಾ ಇಲ್ವಾ?”

ಇಷ್ಟು ದೊಡ್ಡ ಮಾತಿನಲ್ಲಿ ಪಾಸ್ಕಾಲಿಯ ಕಿವಿಗೆ ಬಿದ್ದದ್ದು ಕೊನೆಯ ಭಾಗ ಮಾತ್ರ. ಮನೆಗೆ ಹೋಗಲೇಬೇಕು. ಅವನ ಕಣ್ಣೆದುರು ತನ್ನ ಹಾಸಿಗೆ ಬಂದು ನಿಂತಿತು. ಬಸಿಲಿಸಾ ಹೊಲಿದ ಹೊದಿಕೆ, ಎಡಗಡೆ ತಗ್ಗಾದ ದಿಂಬು. ನಿದ್ದೆರೋಗ ಮನುಷ್ಯನಿಂದ ಮನುಷ್ಯನಿಗೆ ಅಂಟುವುದಿಲ್ಲ ಎಂದು ದಿನಾ ಬೆಳಿಗ್ಗೆ ಭಾಷಣ ಮಾಡುವವನು ಈಗ ಬಾಯಿ ಬಿಡಲಿಲ್ಲ.

“ಇರಬಹುದು ಸಾರ್” ಎಂದ.

ಮಸ್ಸಾವೆ ಅಂಗೈ ಚಾಚಿದ. “ಕೀ ಕೊಡು. ಶನಿವಾರದೊಳಗೆ ಡಾಕ್ಟರ ಸರ್ಟಿಫಿಕೇಟ್ ತಗೊಂಡು ಬಾ. ಬರ್ಲಿಲ್ಲ ಅಂದ್ರೆ ಗಾಡಿ ಬೇರೆಯವರಿಗೆ. ಆ ಗಾಡಿ ಓಡಿಸೋಕೆ ಏಳು ಜನ ಕಾಯ್ತಿದಾರೆ, ನಿನಗೇ ಗೊತ್ತು.”

ಪಾಸ್ಕಾಲಿಗೆ ಗೊತ್ತಿತ್ತು. ಏಳರಲ್ಲಿ ಇಬ್ಬರು ಅವನ ಸೋದರಳಿಯಂದಿರು. ಆದರೆ ಮನಸ್ಸಿನಲ್ಲೇ ಒಂದು ವೇಳಾಪಟ್ಟಿ ಹಾಕಿಕೊಂಡ. ಮಂಗಳವಾರ ನಿದ್ದೆ. ಬುಧವಾರ ನಿದ್ದೆ. ಗುರುವಾರ ಎದ್ದು ಉಂಡು ನಿದ್ದೆ. ಶುಕ್ರವಾರ ಆಸ್ಪತ್ರೆ, ಶನಿವಾರ ಸರ್ಟಿಫಿಕೇಟ್. ಇಷ್ಟು ಸೊಗಸಾದ ಯೋಜನೆಯನ್ನು ಅವನು ಜನ್ಮದಲ್ಲಿ ಹಾಕಿರಲಿಲ್ಲ.

ಮನೆಗೆ ಬಂದ. ಬೂಟು ಬಾಗಿಲಲ್ಲಿ ಬಿಟ್ಟ. ಅಂಗಳದಲ್ಲಿ ಹುರುಳಿ ಆರಿಸುತ್ತಿದ್ದ ಬಸಿಲಿಸಾಗೆ, “ಆಮೇಲೆ ಹೇಳ್ತೀನಿ” ಎಂದ. ಮಲಗಿದ. ಹನ್ನೊಂದು ನಿಮಿಷ ನಿದ್ದೆ ಮಾಡಿದ.

ಹನ್ನೆರಡನೆಯ ನಿಮಿಷಕ್ಕೆ ಮಾಮಾ ಫಿಲೆಮೋನಿ, ಅಂದರೆ ಫಿಲೆಮೋನಿಯ ತಾಯಿ, ಬಂದಳು. ಬೀದಿಯ ತಿರುವಿನಲ್ಲಿ ಮಂದಾಜಿ ಎಂಬ ಸಿಹಿ ಬೋಂಡಾ ಕರಿದು ಮಾರುವ ಈ ನೆರೆಯವಳಿಗೆ ಬೀದಿಯ ಎಲ್ಲ ಸುದ್ದಿಯೂ ಎಣ್ಣೆಯ ಬಿಸಿ ಆರುವುದರೊಳಗೆ ತಲುಪುತ್ತಿತ್ತು. ಆಗಸ್ಟ್ ತಿಂಗಳಲ್ಲಿ ಬೆಳಗಿನ ಹತ್ತು ಗಂಟೆಗೆ ಡ್ರೈವರನ ಬೂಟು ಬಾಗಿಲಲ್ಲಿ ಕಂಡರೆ ಒಂದೋ ಕೆಲಸ ಹೋಗಿರಬೇಕು, ಇಲ್ಲವೇ ಮನುಷ್ಯನೇ ಹೋಗಿರಬೇಕು. ಸಾಲದ್ದಕ್ಕೆ ಕಂಪನಿಯ ಗೇಟು ಕಾಯುವವನು ಅವಳ ಅಕ್ಕನ ಗಂಡ; ನಿದ್ದೆರೋಗದ ಸುದ್ದಿ ಅವನಿಂದ ಆಗಲೇ ಬಂದಿತ್ತು.

“ಬಾಬಾ ರೆಜೀನಾ!” ಎಂದು ಅವನ ಕಿವಿಯ ಹತ್ತಿರ ಕೂಗಿದಳು. ಹಿರಿಮಗಳು ರೆಜೀನಾಳ ಹೆಸರಿನಿಂದಲೇ, ರೆಜೀನಾಳ ಅಪ್ಪ ಎಂದು, ಬೀದಿಯಲ್ಲಿ ಅವನನ್ನು ಕರೆಯುತ್ತಿದ್ದದ್ದು. “ಬಾಬಾ ರೆಜೀನಾ, ಮಲಗಿದೀರಾ?”

“ಮಲಗಿದ್ದೆ” ಎಂದ ಪಾಸ್ಕಾಲಿ.

“ನೋಡಿದ್ಯಾ!” ಎಂದಳು ಬಸಿಲಿಸಾ ಕಡೆ ತಿರುಗಿ. “ಒಪ್ಕೋತಾ ಇದಾರೆ. ಪೋಲೆ ತಾಯಿ, ಪೋಲೆ, ಅಯ್ಯೋ ಪಾಪ. ಈ ವಯಸ್ಸಲ್ಲಿ ನಿನಗೆ ಹೀಗಾಗಬಾರದಿತ್ತು.”

ಬಸಿಲಿಸಾ ಹುರುಳಿಯ ಮೊರ ಕೆಳಗಿಟ್ಟಳು. “ಏನ್ರೀ ಇದು? ಕಾಯಿಲೆ ಅಂತೆ?”

“ಏನೂ ಇಲ್ಲ ಕಣೇ. ರಜೆ ಸಿಗುತ್ತಲ್ಲಾ ಅಂತ ಇರಬಹುದು ಅಂದೆ.”

“ಇದ್ದೋರು ಇಲ್ಲ ಅಂತಾನೇ ಹೇಳೋದು” ಎಂದಳು ಮಾಮಾ ಫಿಲೆಮೋನಿ. “ನಮ್ಮ ತಾತನ ಕಾಲದಲ್ಲಿ ಒಬ್ಬ ಹೀಗೇ ಅಂದ. ಏನಿಲ್ಲ ಏನಿಲ್ಲ ಅಂತ ಮಲಗ್ದ. ಏಳಲೇ ಇಲ್ಲ. ಮೊದಲು ಇವರನ್ನ ಎಬ್ಬಿಸಿ ಕೂರಿಸು. ಈ ಕಾಯಿಲೆಗೆ ನಿದ್ದೇನೇ ವಿಷ.”

ಬಸಿಲಿಸಾ ತಿಳಿವಳಿಕೆಯ ಹೆಂಗಸು. ಆದರೆ ಗಂಡ ಹಗಲಲ್ಲಿ ಮಲಗಿದ್ದನ್ನು ಮದುವೆಯಾದ ಇಪ್ಪತ್ತಾರು ವರ್ಷದಲ್ಲಿ ಅವಳು ಕಂಡಿರಲಿಲ್ಲ. ಅಲ್ಲದೆ ಅವನ ಕಣ್ಣು ಕೆಂಪಾಗಿತ್ತು, ಮಾತು ತೊದಲುತ್ತಿತ್ತು. ಮೂವತ್ತೈದು ದಿನ ನಿದ್ದೆಗೆಟ್ಟವನ ಕಣ್ಣೂ ಹೀಗೇ ಇರುತ್ತದೆ ಎಂದು ಹೇಳುವವರು ಅಲ್ಲಿ ಯಾರೂ ಇರಲಿಲ್ಲ. ಹೇಳಬೇಕಾದವನು ಗೋಡೆಗೊರಗಿ ಮತ್ತೆ ತೂಕಡಿಸುತ್ತಿದ್ದ. ಅವಳಿಗೆ ಭಯವಾಯಿತು.

ಮಧ್ಯಾಹ್ನದ ಹೊತ್ತಿಗೆ ಸರದಿ ನಿಗದಿಯಾಯಿತು. ಒಂದೊಂದು ಮನೆಯವರು ಒಂದೊಂದು ಗಂಟೆ. ಕೆಲಸ ಇಷ್ಟೇ: ಪಾಸ್ಕಾಲಿಯ ರೆಪ್ಪೆ ಕೂಡಿದ ಕೂಡಲೇ ಮರದ ಸೌಟಿನಿಂದ ಪಾತ್ರೆ ಬಡಿಯುವುದು. ಬೀದಿಯವರು ಒಳ್ಳೆಯ ಜನ. ಯಾರೂ ತಮ್ಮ ಸರದಿ ತಪ್ಪಿಸಲಿಲ್ಲ. ಚರ್ಚಿನ ಹಾಡಿನ ತಂಡದ ಹೆಂಗಸರು ಅಭ್ಯಾಸವನ್ನು ಅವನ ಅಂಗಳಕ್ಕೇ ವರ್ಗಾಯಿಸಿ, ಡೋಲು ಸಮೇತ ಬಂದು, ಎಲ್ಲರೂ ಒಂದಲ್ಲ ಒಂದು ದಿನ ವಿಶ್ರಾಂತಿಯ ತೀರಕ್ಕೆ ಹೋಗಿ ಸೇರುತ್ತೇವೆಂದು ಗಟ್ಟಿಯಾಗಿ ಹಾಡಿದರು. ನಡುವೆ ಕೂತ ಪಾಸ್ಕಾಲಿ, ಆ ತೀರಕ್ಕೆ ಈಗಲೇ ಗಾಡಿ ಇದ್ದರೆ ಟಾಪಿನ ಮೇಲೆ ಕೂತಾದರೂ ಹೋಗುತ್ತಿದ್ದ.

ಬುಧವಾರ ಎಂಬುಲುವಿನಿಂದ ಬಸಿಲಿಸಾಳ ತಮ್ಮ ಥಿಯೋಫಿಲಿ ಬಂದಿಳಿದ. ಕೈಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಇಸ್ತ್ರಿ ಮಾಡಿದ ಕರಿ ಸೂಟು.

“ಏನಯ್ಯಾ, ಈ ಕಡೆ ಯಾರದ್ದಾದ್ರೂ ಮದುವೆ ಇದ್ಯಾ?” ಎಂದು ಪಾಸ್ಕಾಲಿ ಕೇಳಿದ.

“ಮದುವೆ ಅಂತೇನಿಲ್ಲ ಭಾವ...” ಥಿಯೋಫಿಲಿ ಸೂಟನ್ನು ಬೆನ್ನ ಹಿಂದಕ್ಕೆ ಸರಿಸಿದ. “ಯಾವುದಕ್ಕೂ ಇರಲಿ ಅಂತ ತಂದೆ.”

“ನಾನು ಸಾಯ್ತಿಲ್ಲ ಕಣೋ. ನನಗೆ ನಿದ್ದೆ ಬರ್ತಿದೆ.”

“ಬೇಜಾರು ಮಾಡ್ಕೋಬೇಡಿ ಭಾವ. ನೀವು ಬದುಕ್ತೀರಾ ಅಂತಾನೇ ನಾನೂ ಅಂದ್ಕೊಂಡಿದೀನಿ. ಅಂದ ಹಾಗೆ, ಆ ಹೊಲಕ್ಕೆ ನೀರು ಹಾಯಿಸೋ ಪಂಪು, ಅದು ಯಾರಿಗೆ ಅಂತ ಏನಾದ್ರೂ...”

ಪಾಸ್ಕಾಲಿ ಚಪ್ಪಲಿ ಹುಡುಕಿದ. ಸಿಗಲಿಲ್ಲ. ಮಾಮಾ ಫಿಲೆಮೋನಿ ಸಿಡುಕು ಹೆಚ್ಚಾಗಿದೆಯೆಂದು ಬೀದಿಗೆಲ್ಲ ವರದಿ ಒಪ್ಪಿಸಿದಳು.

ಗುರುವಾರ ಸರ್ಕಾರ ಬಂತು. ಅಂದರೆ ವಾರ್ಡಿನ ಆರೋಗ್ಯಾಧಿಕಾರಿ ಮ್ಕುಡೆ ಬಂದ. ಎರಡು ವರ್ಷದಿಂದ ಆ ಊರಿನಲ್ಲಿ ಕಕ್ಕಸಿನ ಗುಂಡಿ ಎಣಿಸುವುದು ಬಿಟ್ಟು ಬೇರೆ ಕೆಲಸ ಸಿಗದೆ ಸೊರಗಿದ್ದ ಯುವಕ. ಒಂದು ನಿಜವಾದ ರೋಗ ತನ್ನ ವಾರ್ಡಿಗೆ ಬಂದಿದೆಯೆಂದು ಕೇಳಿ ಅವನ ಮುಖದಲ್ಲಿ ಕಳೆ ಬಂದಿತ್ತು. ಸೈಕಲ್ಲಿನ ಹಿಂದೆ ನೀಲಿ ಕಪ್ಪು ಬಟ್ಟೆಯ ಸುರುಳಿ ಕಟ್ಟಿಕೊಂಡು ಬಂದು, ಪಾಸ್ಕಾಲಿಯ ಮನೆಯ ನಾಲ್ಕು ಮೂಲೆಗೂ ಗಳ ನೆಟ್ಟು, ನೊಣ ಹಿಡಿಯುವ ಬಲೆ ಕಟ್ಟಿದ. ದೂರದಿಂದ ನೋಡಿದರೆ ಯಾವುದೋ ಪಕ್ಷದ ಸಭೆ ನಡೆಯುವ ಹಾಗಿತ್ತು.

“ಇಲ್ಲಿ ತ್ಸೆತ್ಸೆ ನೊಣ ಇಲ್ಲಪ್ಪಾ. ಈ ಚಳಿಗೆ ಬರಲ್ಲ ಅದು. ಅದಿರೋದು ಕೆಳಗಡೆ ಕಾಡಲ್ಲಿ” ಎಂದ ಪಾಸ್ಕಾಲಿ.

“ರೋಗಿಗಳು ಅಭಿಪ್ರಾಯ ಕೊಡಬಾರದು” ಎಂದ ಮ್ಕುಡೆ. “ನಿಮ್ಮ ಗಾಡಿಗೆ ಅಂಟ್ಕೊಂಡು ಬಂದಿದ್ರೆ? ಈ ಬೀದೀಲಿ ನೀಲಿ ಬಟ್ಟೆ ಯಾರ್ಯಾರ ಮನೇಲಿದೆ?”

ಬೀದಿಯಲ್ಲಿ ನೀಲಿ ಬಟ್ಟೆ ಎಲ್ಲರ ಮನೆಯಲ್ಲೂ ಇತ್ತು. ಶಾಲೆಗೆ ಹೋಗುವ ಮಕ್ಕಳ ಲಂಗ, ಚಡ್ಡಿ ಎಲ್ಲವೂ ನೀಲಿಯೇ. ಬಲೆಗೆ ಬೀಳಬೇಕಾದ ನೊಣ ಮಕ್ಕಳ ಕಡೆ ಹೋದರೆ ಇಲಾಖೆ ಹೊಣೆಯಲ್ಲವೆಂದು ಮ್ಕುಡೆ ಘೋಷಿಸಿದ. ಹಗ್ಗದ ಮೇಲೆ ಒಣಗಿಸಿದ್ದ ಲಂಗಗಳನ್ನೆಲ್ಲ ತಾಯಂದಿರು ಒಳಗೆ ಎಳೆದುಕೊಂಡರು. ಶುಕ್ರವಾರ ಬೆಳಿಗ್ಗೆ ಹತ್ತೊಂಬತ್ತು ಮಕ್ಕಳು ಹಳದಿ, ಗುಲಾಬಿ, ಹೂವಿನ ಚಿತ್ರದ ಬಟ್ಟೆ ತೊಟ್ಟು ಶಾಲೆಗೆ ಹೋದರು. ಸಮವಸ್ತ್ರ ಇಲ್ಲವೆಂದು ಅಷ್ಟೂ ಮಕ್ಕಳು ಅರ್ಧ ಗಂಟೆಯಲ್ಲಿ ವಾಪಸ್ ಬಂದವು. ಹಿಂದೆಯೇ ಹೆಡ್‌ಮಾಸ್ತರರೂ ಬಂದರು. ಅವರು ತೊಟ್ಟಿದ್ದ ಪ್ಯಾಂಟೂ ನೀಲಿಯದೇ. ಅದನ್ನು ಬಿಚ್ಚಿಡಬೇಕೆಂದು ಮ್ಕುಡೆ ಬೀದಿಯ ನಡುವೆ ನಿಯಮ ಓದಿ ಹೇಳಿದ. ಮುಂದಿನ ಮಾತುಕತೆಯನ್ನು ಬರೆಯದಿರುವುದು ಶಿಕ್ಷಣ ಇಲಾಖೆಯ ಗೌರವಕ್ಕೆ ಒಳ್ಳೆಯದು.

ಈ ಗದ್ದಲದಲ್ಲಿ ಪಾತ್ರೆ ಬಡಿಯುವವಳು ಜಗಳ ನೋಡಲು ಹೋಗಿದ್ದಳು. ಪಾಸ್ಕಾಲಿ ಹಿತ್ತಲ ಬಾಗಿಲಿನಿಂದ ಬರಿಗಾಲಲ್ಲೇ ಹೊರಬಿದ್ದ. ಬೇಲಿಯ ಹತ್ತಿರ ಬಸಿಲಿಸಾ ನಿಂತಿದ್ದಳು. ಅವನ ಬೂಟು ಅವಳ ಕೈಯಲ್ಲಿತ್ತು.

“ಎಲ್ಲಿಗೆ?”

“ಆಸ್ಪತ್ರೆಗೆ. ಕಾಯಿಲೆ ಇದ್ರೂ ಸರಿ, ಇಲ್ದಿದ್ರೂ ಸರಿ. ಅಲ್ಲಿ ಮಲಗೋಕಾದ್ರೂ ಬಿಡ್ತಾರೆ.”

ಅವಳು ಬೂಟು ಕೊಟ್ಟಳು. “ನಡೀರಿ. ನಾನೂ ಬರ್ತೀನಿ.”

ಆಸ್ಪತ್ರೆಯ ಬೆಂಚಿನ ಮೇಲೆ ಪಾಸ್ಕಾಲಿ ಕೂತ ತಕ್ಷಣ ನಿದ್ದೆ ಹೋದ. ಬಸಿಲಿಸಾ ಈ ಸಲ ಎಬ್ಬಿಸಲಿಲ್ಲ. ಹೆಸರು ಕೂಗಿದಾಗ ಅವನನ್ನು ಒಳಗೆ ನಡೆಸಿಕೊಂಡು ಹೋದಳು. ಡಾಕ್ಟರ್ ಝುಹುರಾ ನಲವತ್ತರ ಆಸುಪಾಸಿನವರು. ತಲೆವಸ್ತ್ರದ ಕೆಳಗೆ ಅವರ ಕಣ್ಣೂ ಕೆಂಪಗಿತ್ತು. ಕುತ್ತಿಗೆ ಮುಟ್ಟಿ ನೋಡಿದರು, ಚರ್ಮ ನೋಡಿದರು, ಬೆರಳು ಚುಚ್ಚಿ ರಕ್ತ ತೆಗೆದು ತಾವೇ ಸೂಕ್ಷ್ಮದರ್ಶಕದ ಮುಂದೆ ಕೂತರು. ಬಹಳ ಹೊತ್ತು ನೋಡಿದರು. ಅಷ್ಟು ಹೊತ್ತು ಬಸಿಲಿಸಾ ಮೈಗೆ ಸುತ್ತಿದ್ದ ಕಾಂಗಾ ಬಟ್ಟೆಯ ಅಂಚನ್ನು ತಿರುಚುತ್ತ ನಿಂತಿದ್ದಳು.

“ಏನೂ ಇಲ್ಲ” ಎಂದರು ಡಾಕ್ಟರು. “ಮಲೇರಿಯಾ ಇಲ್ಲ, ನಿದ್ದೆರೋಗ ಇಲ್ಲ. ಕೊನೇ ಸಲ ರಜೆ ಯಾವಾಗ ತಗೊಂಡ್ರಿ?”

ಪಾಸ್ಕಾಲಿ ಬೆರಳು ಮಡಚುತ್ತ ಹೋದ. ಬೆರಳು ಮುಗಿದವು. “ಜುಲೈ ಮೊದಲ ವಾರ ಇರಬೇಕು ಡಾಕ್ಟ್ರೇ.”

“ಗಾಡಿ ಓಡಿಸುವಾಗ ನಿದ್ದೆ ಬರುತ್ತಾ?”

ಅವನು ಹೆಂಡತಿಯ ಕಡೆ ನೋಡಿದ. ನೆಲ ನೋಡಿದ.

“ಹೇಳಿ.”

“ಸೋಮವಾರ ವಾಪಸ್ ಬರುವಾಗ ಎಂಟೊ ವಾ ಎಂಬು ಊರಿನ ಹತ್ರ ಘಾಟಿ ಹತ್ತುತ್ತಿದ್ದೆ. ಗಾಡೀಲಿ ನಾಲ್ಕು ಜನ. ಮೊದಲ್ನೇ ತಿರುವು ನೆನಪಿದೆ. ಎರಡನೇದು ನೆನಪಿದೆ. ಆಮೇಲೆ ನಾಲ್ಕನೇದು ನೆನಪಿದೆ. ಮೂರನೇ ತಿರುವು ಎಷ್ಟು ಯೋಚಿಸಿದ್ರೂ ನೆನಪಿಗೆ ಬರ್ತಿಲ್ಲ ಡಾಕ್ಟ್ರೇ. ಹೇಗೆ ತಿರುಗಿಸಿದೆನೋ ಗೊತ್ತಿಲ್ಲ.”

ಆ ಮೂರನೇ ತಿರುವಿನ ಕೆಳಗೆ ಏನಿದೆ ಎಂಬುದು ಕರಾಟುವಿನಲ್ಲಿ ಎಲ್ಲರಿಗೂ ಗೊತ್ತು. ಏನೂ ಇಲ್ಲ. ತುಂಬ ದೂರದವರೆಗೆ ಏನೂ ಇಲ್ಲ, ಆಮೇಲೆ ಕೆರೆ. ಬಸಿಲಿಸಾ ಬಂದು ಅವನ ಪಕ್ಕದಲ್ಲಿ ಕೂತಳು.

ಡಾಕ್ಟರು ಪೆನ್ನು ತೆಗೆದು ಬರೆದರು. ರೋಗ: ಅತಿಯಾದ ದಣಿವು. ಚಿಕಿತ್ಸೆ: ಹತ್ತು ದಿನ ನಿದ್ದೆ. ಎಬ್ಬಿಸಕೂಡದು. ‘ಎಬ್ಬಿಸಕೂಡದು’ ಎಂಬುದರ ಕೆಳಗೆ ಎರಡು ಗೆರೆ ಎಳೆದರು.

“ನೀವು ಡಾಕ್ಟ್ರೇ? ನೀವು ಯಾವಾಗ ಮಲಗಿದ್ದು?” ಎಂದು ಬಸಿಲಿಸಾ ಕೇಳಿದಳು.

“ಅದನ್ನ ಕೇಳಬೇಡಿ ತಾಯಿ. ನನಗೆ ಚೀಟಿ ಬರೆಯೋರು ಯಾರೂ ಇಲ್ಲ.”

ಶನಿವಾರ ಬೆಳಿಗ್ಗೆ ಮಸ್ಸಾವೆ ಆ ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದ, ತಿರುಗಿಸಿ ನೋಡಿದ.

“ಇದೆಂಥಾ ಕಾಯಿಲೆಯಯ್ಯಾ? ಕಂಪನಿ ಪಟ್ಟೀಲಿ ದಣಿವು ಅನ್ನೋ ಕಾಯಿಲೇನೇ ಇಲ್ಲ. ಮಲೇರಿಯಾ ಇದೆ, ಭೇದಿ ಇದೆ, ಮೂಳೆ ಮುರಿತ ಇದೆ. ದಣಿವು ಎಲ್ಲರಿಗೂ ಇರುತ್ತೆ. ಎಲ್ಲರಿಗೂ ಇರೋದು ಕಾಯಿಲೆ ಹೇಗಾಗುತ್ತೆ? ನಿದ್ದೆರೋಗ ಇಲ್ಲ ತಾನೆ? ತಗೋ ಕೀ. ಹತ್ತೂವರೆಗೆ ನಾಲ್ಕು ಜನ ಬರ್ತಾರೆ.”

ಪಾಸ್ಕಾಲಿ ಕೀ ನೋಡಿದ. ಎಂಟು ವರ್ಷ ಅವನ ಸೊಂಟದಲ್ಲಿ ಜೋತಾಡಿದ ಕೀ. ಹೊರಗೆ ಏಳು ಜನ ಕಾಯುತ್ತಿದ್ದಾರೆ. ಕೈ ಅರ್ಧ ಮುಂದೆ ಹೋಯಿತು. ಅಲ್ಲೇ ನಿಂತಿತು.

“ಬೇಡ ಸಾರ್” ಎಂದ. “ಬೇರೆಯವರಿಗೆ ಕೊಡಿ. ನಾನು ಯಾರನ್ನಾದ್ರೂ ಸಾಯಿಸಿಬಿಡ್ತೀನಿ.”

ಬಾಗಿಲಲ್ಲಿ ಯಾರೋ ಕೆಮ್ಮಿದರು. ಶ್ರೀಮತಿ ಹಾಲ್‌ಗ್ರೆನ್ ಊರಿಗೆ ಹೊರಡುವ ಮುನ್ನ ರೋಗಿಯ ಕ್ಷೇಮ ವಿಚಾರಿಸಲು ಬಂದಿದ್ದರು. ಪಾಸ್ಕಾಲಿಗಾಗಿ ಒಂದು ಪೊಟ್ಟಣ ವಿಟಮಿನ್ ಗುಳಿಗೆಯನ್ನೂ ತಂದಿದ್ದರು. ಮಸ್ಸಾವೆಯ ಕೈಯಿಂದ ಚೀಟಿ ತೆಗೆದುಕೊಂಡರು. ಅದು ಅವರಿಗೆ ಅರ್ಥವಾಗದ ಭಾಷೆಯಲ್ಲಿತ್ತು. ಪಾಸ್ಕಾಲಿಯೇ ಓದಿ ಹೇಳಿದ, ಮೂರನೇ ತಿರುವನ್ನೂ ಸೇರಿಸಿ ಹೇಳಿದ. ಅವರ ಮುಖ ಬಟ್ಟೆಗಿಂತ ಬೆಳ್ಳಗಾಯಿತು. ನಿಧಾನವಾಗಿ ದಪ್ಪ ಪುಸ್ತಕ ತೆಗೆದು ಒಂದು ಪುಟ ತಿರುವಿದರು.

“ಇಲ್ಲಿ ಬರೆದಿದೆ. ಸಫಾರಿಗೆ ಬಂದವರಿಗೆ ಸಿಂಹಕ್ಕಿಂತ, ನೊಣಕ್ಕಿಂತ ರಸ್ತೆಯಲ್ಲೇ ಅಪಾಯ ಹೆಚ್ಚು ಅಂತ. ನಾನು ಈ ಪುಟ ಓದಿರಲಿಲ್ಲ. ಹಾವಿನ ಅಧ್ಯಾಯದಲ್ಲೇ ಇದ್ದೆ.”

ಆಮೇಲೆ ಅವರು ಮತ್ತೆ ಮುಖ್ಯೋಪಾಧ್ಯಾಯಿನಿಯಾದರು. ಅಂಗಳಕ್ಕೆ ಹೋಗಿ, ಗಾಡಿ ತೊಳೆಯುತ್ತಿದ್ದ ಡ್ರೈವರುಗಳನ್ನೆಲ್ಲ ಸಾಲಾಗಿ ನಿಲ್ಲಿಸಿ, ನೋಟ್‌ಬುಕ್ ತೆರೆದು ಹಾಜರಿ ತೆಗೆದುಕೊಂಡರು. ಹೆಸರು? ಕೊನೆಯ ರಜೆ? ಇಪ್ಪತ್ತೆಂಟು ದಿನ. ನಲವತ್ತೊಂದು ದಿನ. ಒಬ್ಬ ಉತ್ತರ ಹೇಳುವ ಮೊದಲೇ ನಿಂತಲ್ಲೇ ನಿದ್ದೆ ಹೋಗಿದ್ದ. ಅವನ ಉತ್ತರವನ್ನು ಪಕ್ಕದವನು ಹೇಳಿದ. ಹತ್ತೂವರೆಗೆ ಬಂದ ನಾಲ್ಕು ಪ್ರವಾಸಿಗರಿಗೂ ಆ ಪಟ್ಟಿಯನ್ನು ಓದಿ ಹೇಳಿದರು. ಅವರು ಗಾಡಿ ಹತ್ತಲಿಲ್ಲ. ಪೆಟ್ಟಿಗೆಯ ಮೇಲೆ ಕೂತರು.

“ಅಮ್ಮಾ, ಇದು ನಮ್ಮ ಕಂಪನಿಯ ಒಳಗಿನ ವಿಷಯ” ಎಂದ ಮಸ್ಸಾವೆ, ದನಿ ತಗ್ಗಿಸಿ.

“ಹಾಗಾದ್ರೆ ಹೊರಗೆ ಬರೀತೀನಿ” ಎಂದರು ಅವರು. “ಈ ಸಲ ಐದು ಪುಟ ಸಾಕಾಗೋದಿಲ್ಲ.”

ಅಡಿಟಿಪ್ಪಣಿಗಳ ನೆನಪಾಗಿ ಮಸ್ಸಾವೆ ಬೆವರಿದ. ಅಷ್ಟರಲ್ಲಿ ಡ್ರೈವರುಗಳಲ್ಲಿ ಒಬ್ಬ ಪಾಸ್ಕಾಲಿಯ ಚೀಟಿಯನ್ನು ಓದಿದ್ದ. ಹತ್ತು ದಿನ ನಿದ್ದೆ ಎಂದು ಬರೆದುಕೊಡುವ ಡಾಕ್ಟರು ಈ ಊರಿನಲ್ಲೇ ಇದ್ದಾರೆಂಬ ಸುದ್ದಿ ಬಕೆಟ್ಟಿನಿಂದ ಬಕೆಟ್ಟಿಗೆ ಹರಡಿತು. ಹನ್ನೊಂದು ಡ್ರೈವರುಗಳು ಒರೆಸುವ ಬಟ್ಟೆ ಕೆಳಗಿಟ್ಟು, ಆಸ್ಪತ್ರೆಯ ಕಡೆ ನಡೆದರು. ಒಂದು ಗಂಟೆಯ ನಂತರ ಮಸ್ಸಾವೆಗೆ ಫೋನ್ ಬಂತು.

“ನಾನು ಡಾಕ್ಟರ್ ಝುಹುರಾ. ನಿಮ್ಮ ಕಂಪನಿಯವರು ಹನ್ನೊಂದು ಜನ ನನ್ನ ಬೆಂಚಿನ ಮೇಲೆ ಒಬ್ಬರ ಮೇಲೊಬ್ಬರು ಒರಗಿ ನಿದ್ದೆ ಮಾಡ್ತಿದಾರೆ. ಹೆರಿಗೆಗೆ ಬಂದವರಿಗೆ ಕೂರೋಕೆ ಜಾಗ ಇಲ್ಲ. ಚೀಟಿ ಬರೆಯೋದು ನನಗೇನು ಕಷ್ಟ ಇಲ್ಲ. ಬರೀಲಾ, ಇಲ್ಲ ನೀವೇ ಏನಾದ್ರೂ ಮಾಡ್ತೀರಾ?”

ಮಸ್ಸಾವೆ ಏನಾದರೂ ಮಾಡಿದ. ಮಧ್ಯಾಹ್ನ ಆಫೀಸಿನ ಬಾಗಿಲಿಗೆ ಹೊಸ ಡ್ಯೂಟಿ ಪಟ್ಟಿ ಅಂಟಿಸಲಾಯಿತು. ಹತ್ತು ದಿನ ಓಡಿಸಿದವನಿಗೆ ಎರಡು ದಿನ ಕಡ್ಡಾಯ ರಜೆ. ಕಾಯುತ್ತಿದ್ದ ಏಳು ಜನರಲ್ಲಿ ಮೂವರಿಗೆ ಕೆಲಸ ಸಿಕ್ಕಿತು. ಪಾಸ್ಕಾಲಿಯ ಕೀಯನ್ನು ಅವನ ಹೆಸರು ಬರೆದ ಮೊಳೆಗೆ ನೇತುಹಾಕಲಾಯಿತು. ಮ್ಕುಡೆಯ ಬಲೆಗಳಲ್ಲಿ ಒಟ್ಟು ಎರಡು ಮನೆನೊಣ, ಒಂದು ಚಿಟ್ಟೆ ಸಿಕ್ಕವು; ಅವುಗಳನ್ನು ಅವನು ಸೀಸೆಯಲ್ಲಿಟ್ಟು, ವರದಿ ಸಮೇತ ಮೇಲಿನವರಿಗೆ ಕಳಿಸಿದ. ಥಿಯೋಫಿಲಿ ಸೂಟಿನೊಂದಿಗೆ ವಾಪಸ್ ಹೊರಟ. ಹೊರಡುವಾಗ, “ಬದುಕಿದ್ದಕ್ಕೆ ತುಂಬಾ ಸಂತೋಷ ಭಾವ” ಎಂದು ಮನಸಾರೆ ಹೇಳಿದ. ಪಂಪಿನ ಕಡೆ ಮಾತ್ರ ಒಮ್ಮೆ ತಿರುಗಿ ನೋಡಿದ.

ಮುಂದಿನ ಮಂಗಳವಾರ ಮಧ್ಯಾಹ್ನ ಎರಡು ಗಂಟೆಗೆ ಕಂಪನಿಯ ಗಾಡಿಯೊಂದು ಪಾಸ್ಕಾಲಿಯ ಮನೆ ಮುಂದೆ ನಿಂತಿತು. ಇಳಿದವನು ಮಸ್ಸಾವೆ. ಡ್ರೈವರುಗಳು ಸರದಿಯಂತೆ ರಜೆ ಹೋದದ್ದರಿಂದ, ಹೊಸಬರು ತಯಾರಾಗುವವರೆಗೆ, ಮೂರು ದಿನದಿಂದ ಅವನೇ ಗಾಡಿ ಓಡಿಸುತ್ತಿದ್ದ. ಅಂಗ ಅಂಗದಲ್ಲಿ ಧೂಳು. ಟೈ ಒಂದು ಕಡೆ, ಅವನೊಂದು ಕಡೆ. ಬಸಿಲಿಸಾ ಬಾಗಿಲಿಗೆ ಅಡ್ಡಲಾಗಿ ಸ್ಟೂಲು ಹಾಕಿಕೊಂಡು ಹುರುಳಿ ಆರಿಸುತ್ತಿದ್ದಳು.

“ಮಾಮಾ ರೆಜೀನಾ, ಒಂದೇ ಒಂದು ದಿನ. ನಾಳೆ ಒಂದು ದಿನ ಪಾಸ್ಕಾಲಿ ಬಂದ್ರೆ ಸಾಕು. ಒಂದ್ಸಲ ಎಬ್ಬಿಸಿ, ನಾನೇ ಮಾತಾಡ್ತೀನಿ.”

ಬಸಿಲಿಸಾ ಕುಪ್ಪಸದೊಳಗಿಂದ ಡಾಕ್ಟರ ಚೀಟಿ ತೆಗೆದು, ಎರಡು ಗೆರೆ ಎಳೆದ ಜಾಗವನ್ನು ಬೆರಳಿಟ್ಟು ತೋರಿಸಿದಳು.

“ಗೊತ್ತು, ಗೊತ್ತು” ಎಂದ ಮಸ್ಸಾವೆ. “ಅವನಾಗೇ ಏಳೋವರೆಗೆ ಕಾಯ್ತೀನಿ.”

“ಕಾಯಿರಿ. ಚಾಯ್ ಕೊಡ್ತೀನಿ.”

ಅವನು ಗೋಡೆ ಪಕ್ಕದ ಬೆಂಚಿನ ಮೇಲೆ ನೆರಳಲ್ಲಿ ಕೂತ. ಬಸಿಲಿಸಾ ಚಾಯ್ ತರುವಷ್ಟರಲ್ಲಿ ಅವನ ತಲೆ ಗೋಡೆಗೆ ಒರಗಿತ್ತು, ಬಾಯಿ ತೆರೆದಿತ್ತು. ಒಳಗಿನಿಂದ ಒಂದು ಗೊರಕೆ, ಹೊರಗಿನಿಂದ ಒಂದು ಗೊರಕೆ, ನಡುವೆ ಮಣ್ಣಿನ ಗೋಡೆ ಒಂದೇ. ಮಂದಾಜಿಯ ಬುಟ್ಟಿ ಹೊತ್ತು ಆ ದಾರಿಯಲ್ಲಿ ಬಂದ ಮಾಮಾ ಫಿಲೆಮೋನಿ ಬೇಲಿಯ ಹತ್ತಿರ ಗಕ್ಕನೆ ನಿಂತಳು. ಕಣ್ಣು ಅಗಲವಾದವು.

“ಅಯ್ಯೋ ದೇವರೇ! ಇವರಿಗೂ ಬಂತಾ?”

“ಮೆತ್ತಗೆ ಮಾತಾಡೇ” ಎಂದಳು ಬಸಿಲಿಸಾ. ತಂದ ಚಾಯನ್ನು ತಾನೇ ಒಂದು ಗುಟುಕು ಕುಡಿದು, ಸ್ಟೂಲಿನ ಮೇಲೆ ಕಾಲು ನೀಡಿ ಕೂತಳು. “ಗಂಡಸರು ಮಲಗಿದಾರೆ.”